ಅಪ್ಪನ ಜೇಬು

ನಮ್ಮಪ್ಪ ದಿನಾ ಮಧ್ಯಾಹ್ನ ಎರಡು ಗಂಟೆಗೆ ವರಾಂಡದಲ್ಲಿ ಎಲ್ಲರೆದುರು ಬಟ್ಟೆ ಬಿಚ್ಚಿ ನಿಲ್ಲುತ್ತಾನೆ ಎಂದು ಕನಕಮ್ಮ ಹೇಳಿದಾಗ ನಾನು ಅವರನ್ನು ಸುಳ್ಳುಗಾತಿ ಎಂದೆ. ಮೆಲ್ಲಗೇನೂ ಅನ್ನಲಿಲ್ಲ. ಬಂಗಾರಪೇಟೆಯ ಪ್ರೈಮರಿ ಶಾಲೆಯಲ್ಲಿ ಹದಿನಾರು ವರ್ಷ ಮಕ್ಕಳ ಮೇಲೆ ಕೂಗಿ ಕೂಗಿ ನನ್ನ ಗಂಟಲು ಒಂದೇ ಅಳತೆಗೆ ನಿಂತುಬಿಟ್ಟಿದೆ. ಬೆಂಚಿನ ಮೇಲಿದ್ದ ಮುದುಕರಲ್ಲಿ ಇಬ್ಬರು ಬೆಚ್ಚಿ ನೋಡಿದರು. ಅಪ್ಪ ನೋಡಲಿಲ್ಲ. ಬಿಳಿ ಅಂಗಿ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು, ಮದುವೆಮನೆಗೆ ಬಂದ ಬೀಗರ ಹಾಗೆ ನೆಟ್ಟಗೆ ಕೂತಿದ್ದ. ಇಂಥ ಮನುಷ್ಯ ಬಟ್ಟೆ ಬಿಚ್ಚುತ್ತಾನಂತೆ!

ಅದು ಎಂಬತ್ತಾರನೇ ಇಸವಿ, ಒಂದು ಭಾನುವಾರ. ಕನಕಮ್ಮ ನಿವೃತ್ತ ನರ್ಸು. ಕೆ.ಜಿ.ಎಫ್‌ನ ಉರಿಗಾಂ ಸ್ಟೇಷನ್ನಿನ ಮೇಲಿನ ದಿಬ್ಬದಲ್ಲಿ ತಗಡಿನ ಮಾಡಿನ ಹಳೆಯ ಬಂಗಲೆಯೊಂದನ್ನು ಹಿಡಿದು, ನೆನಪು ಕಳೆದುಕೊಂಡ ಎಂಟು ಜನ ವಯಸ್ಸಾದವರನ್ನು ಇಟ್ಟುಕೊಂಡಿದ್ದರು. ಸುತ್ತಲಿನವರು ಅದನ್ನು ಮರೆವಿನ ಮನೆ ಎನ್ನುತ್ತಿದ್ದರು. ಅಲ್ಲಿಗೆ ಸೇರಿಸಿಕೊಳ್ಳಲು ಒಂದು ಷರತ್ತಿತ್ತು. ವಾರಕ್ಕೊಂದು ದಿನ ಮನೆಯವರೊಬ್ಬರು ಬರಲೇಬೇಕು. ಸ್ನಾನ ಮಾಡಿಸಿ, ಊಟ ಮಾಡಿಸಿ, ಅಡುಗೆಮನೆಯಲ್ಲೂ ಕೈ ಹಚ್ಚಬೇಕು. ಗಣಿಯ ಊರಾದ್ದರಿಂದ ಅದಕ್ಕೂ ಪಾಳಿ ಎಂದೇ ಹೆಸರು. “ಮರೆತಿರೋದು ಅವರು, ನೀವಲ್ಲ,” ಎಂದು ಕನಕಮ್ಮ ಮೊದಲ ದಿನವೇ ಹೇಳಿದ್ದರು. “ಇವರು ಯಾರು, ಏನಾಗಿದ್ರು ಅಂತ ನೀವು ಬಂದು ಹೇಳದಿದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?”

ನನ್ನ ಪಾಳಿ ಭಾನುವಾರ. ಒಂದು ವರ್ಷದಲ್ಲಿ ಒಂದು ವಾರವೂ ತಪ್ಪಿಸಿರಲಿಲ್ಲ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸ್ಸು. ಅಷ್ಟೂ ಭಾನುವಾರಗಳಲ್ಲಿ ಅಪ್ಪ ಒಂದು ಗುಂಡಿಯನ್ನೂ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ.

“ಒಂದು ತಿಂಗಳಿಂದ ಹಿಂಗೇ. ಬೇರೆ ದಿನ ಬಂದು ನೋಡಿ,” ಎಂದರು ಕನಕಮ್ಮ. ಅವರ ದನಿ ಏರಲೇ ಇಲ್ಲ, ಅದಕ್ಕೆ ನನಗೆ ಇನ್ನೂ ಸಿಟ್ಟು. “ಮೂರು ಮನೆಯವರು ದೂರು ಹೇಳಿದ್ದಾರೆ. ಹೆಣ್ಣುಮಕ್ಕಳನ್ನ ಕರ್ಕೊಂಡು ಬರ್ತಾರೆ, ಪಾಪ, ಅವರದೇನು ತಪ್ಪು? ಮುಂದಿನ ಶನಿವಾರದವರೆಗೂ ನೋಡ್ತೀನಿ. ಆಮೇಲೆ ನೀವು ಕರ್ಕೊಂಡು ಹೋಗ್ಬೇಕಾಗುತ್ತೆ.”

ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ನನ್ನ ಮನೆ ಬಂಗಾರಪೇಟೆಯಲ್ಲಿ ರೈಲು ಹಳಿಯಿಂದ ಇಪ್ಪತ್ತು ಹೆಜ್ಜೆ. ಅಲ್ಲಿದ್ದಾಗ ಅಪ್ಪ ಬೆಳಗಾದರೆ ಹಳಿಯ ಮೇಲೇ ನಡೆದು ಗಣಿಯ ಕಡೆ ಹೊರಟುಬಿಡುತ್ತಿದ್ದ. ಮೂರು ಸಲ ಗ್ಯಾಂಗ್‌ಮನ್ ಹಿಡಿದು ತಂದ. ನಾಲ್ಕನೇ ಸಲ ತರುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಇನ್ನು ಉಳಿದದ್ದು ಬೂದಿಕೋಟೆ ಪಕ್ಕದ ನಮ್ಮೂರಿನಲ್ಲಿ ದನ ಸಾಕಿಕೊಂಡಿರುವ ತಮ್ಮ ವೆಂಕಟೇಶಪ್ಪನ ಮನೆ. ಅಪ್ಪನನ್ನು ಮರೆವಿನ ಮನೆಗೆ ಸೇರಿಸಿದ್ದೇ ಅವನಿಗೆ ಒಪ್ಪಿಗೆಯಿರಲಿಲ್ಲ, ಒಮ್ಮೆಯೂ ಬಂದು ನೋಡಿರಲಿಲ್ಲ. ಹಾಲಿನ ಡೇರಿಯ ಫೋನಿಗೆ ಕರೆಸಿ ವಿಷಯ ಹೇಳಿದರೆ ಅವನ ಉತ್ತರ ತಯಾರಾಗಿತ್ತು. “ನಾನ್ ಕರ್ಕೊಂಡ್ಬತ್ತೀನಿ ಬುಡಕ್ಕ. ಕೊಟ್ಟಿಗೆ ಪಕ್ಕದ ರೂಮು ಖಾಲಿ ಅದೆ. ಒರಗಿಂದ ಚಿಲ್ಕ ಆಕಿದ್ರೆ ಎಲ್ಗೂ ಓಗಲ್ಲ, ಯಾರಿಗೂ ಕಾಣ್ಸಲ್ಲ.”

ಮೂವತ್ತೊಂದು ವರ್ಷ ಗಣಿಯಲ್ಲಿ, ನೆಲದೊಳಗೆ ದುಡಿದವನನ್ನು ಮತ್ತೆ ಕತ್ತಲೆಗೆ ಹಾಕಿ ಚಿಲಕ ಹಾಕುವುದೇ?

ಸೋಮವಾರ ರಜೆ ಹಾಕಿ ಹೋದೆ. ಎರಡು ಗಂಟೆಗೆ ಗಣಿಯ ಸೈರನ್ನು ಊದಿತು. ಕೆ.ಜಿ.ಎಫ್‌ನವರು ಅದನ್ನು ಸಂಗು ಎನ್ನುತ್ತಾರೆ. ಬೆಳಗಿನ ಪಾಳಿ ಮುಗಿಯಿತೆಂದು ಲೆಕ್ಕ. ಭಾನುವಾರ ಪಾಳಿಯಿಲ್ಲ, ಸಂಗೂ ಇಲ್ಲ. ನಾನು ಬರುವ ದಿನ ಅಪ್ಪ ಗುಂಡಿ ಬಿಚ್ಚದಿರುವುದು ಯಾಕೆಂದು ಆಗ ಹೊಳೆಯಿತು, ಕನಕಮ್ಮನಿಗೆ ಅಂದದ್ದೂ ನೆನಪಾಯಿತು.

ಅಪ್ಪ ಎದ್ದ. ವರಾಂಡದ ಬಾಗಿಲಿನ ಹತ್ತಿರ ಹೋಗಿ ನಿಂತ. ಒಂದೊಂದಾಗಿ ಗುಂಡಿ ಬಿಚ್ಚಿದ. ಅಂಗಿ, ಬನಿಯನ್ನು, ಪಂಚೆ, ಚಡ್ಡಿ ಎಲ್ಲವನ್ನೂ ತೆಗೆದು, ಮಡಿಸಿ, ಒಂದರ ಮೇಲೊಂದು ಇಟ್ಟ. ಆಮೇಲೆ ಎರಡೂ ಕೈ ಮೇಲೆತ್ತಿ, ಕಾಲು ಅಗಲಿಸಿ, ಬಾಯಿ ತೆರೆದು ನಿಂತ. ಹಾಗೇ ನಿಂತೇ ಇದ್ದ. ಎಪ್ಪತ್ತೆರಡು ವರ್ಷದ ತೋಳುಗಳು ನಡುಗುತ್ತಿದ್ದವು, ಇಳಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ಓಡಿಹೋಗಿ ನನ್ನ ಶಾಲು ಹೊದಿಸಿದೆ. ಅಪ್ಪ ನನ್ನನ್ನು ನೋಡಿ ಹೆದರಿದ.

“ನೀನ್ಯಾಕವ್ವ ಇಲ್ಲಿಗ್ ಬಂದೆ? ಎಣ್ಮಕ್ಳು ಬರೋ ಜಾಗ ಅಲ್ಲ ಇದು, ಓಗು, ಓಗು!”

ನನ್ನ ಗುರುತು ಅಪ್ಪನಿಗೆ ಸಿಕ್ಕಿ ತಿಂಗಳುಗಳಾಗಿದ್ದವು. ಸಿಕ್ಕ ದಿನವೇ ಓಡಿಸಿದ.

ಆ ಸಂಜೆ ನಾನು ಮಾಡಿದ ಕೆಲಸವನ್ನು ಹೇಳಲು ಈಗಲೂ ನಾಚಿಕೆ. ಶಾಲೆಯಲ್ಲಿ ಚಡ್ಡಿ ನಿಲ್ಲದ ಮಕ್ಕಳಿಗೆ ಪಿನ್ನು ಹಾಕಿ ಅಭ್ಯಾಸವಾದ ಕೈ ನನ್ನದು. ಅಪ್ಪನ ಒಂದು ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು, ಮುಂಭಾಗವನ್ನು ಎರಡೆಳೆ ದಾರದಿಂದ ಮೇಲಿಂದ ಕೆಳಗಿನವರೆಗೆ ಹೊಲಿದೆ. ಚಡ್ಡಿಯ ಲಾಡಿಯ ಗಂಟು ಬೆನ್ನಿಗೆ ಬರುವಂತೆ ಮಾಡಿದೆ. ಬುಧವಾರ ಮತ್ತೆ ರಜೆ ಹಾಕಿ, ಮಧ್ಯಾಹ್ನದ ಊಟವಾದ ಮೇಲೆ ತಲೆಯ ಮೇಲಿಂದ ಆ ಅಂಗಿ ತೊಡಿಸಿ, ಇನ್ನು ನೋಡೋಣ ಎಂದು ಜಂಬದಿಂದ ಕೂತೆ.

ಸಂಗು ಊದಿತು. ಅಪ್ಪನ ಬೆರಳು ಗುಂಡಿ ಹುಡುಕಿತು. ಇಲ್ಲ. ಕೆಳಗೆ ಹುಡುಕಿತು, ಅಲ್ಲೂ ಇಲ್ಲ. ಉಸಿರು ಏರತೊಡಗಿತು. “ಬಿಚ್ತೀನಿ ಸಾಮಿ, ಒಂದ್ನಿಮ್ಸ, ನನ್ತಾವ ಏನೂ ಇಲ್ಲ ಸಾಮಿ,” ಎಂದು ತೆಲುಗಿನಲ್ಲಿ, ತಮಿಳಿನಲ್ಲಿ, ಕನ್ನಡದಲ್ಲಿ, ತನಗೆ ಬಂದ ಎಲ್ಲ ಭಾಷೆಯಲ್ಲೂ ಬೇಡಿಕೊಂಡ. ಉಗುರಿನಿಂದ ದಾರ ಕೀಳಲು ಹೋಗಿ ಎರಡು ಬೆರಳಿನಲ್ಲಿ ರಕ್ತ ಬಂತು. ಬಿಳಿ ಅಂಗಿಯ ಮೇಲೆ ಕೆಂಪು ಕಲೆ.

ನಾನು ಕಲ್ಲಾಗಿ ನಿಂತಿದ್ದೆ. ಅಡುಗೆಮನೆಯಿಂದ ಕತ್ತರಿ ಹಿಡಿದು ಓಡಿಬಂದವಳು ಮಾರಿಯಮ್ಮ. ಅವಳ ಗಂಡನೂ ಹಳೆಯ ಗಣಿಕಾರ್ಮಿಕ, ಇದೇ ಮನೆಯಲ್ಲಿದ್ದ. ಬುಧವಾರ ಅವಳ ಪಾಳಿ. ದಾರವನ್ನು ಸರ್ರನೆ ಕತ್ತರಿಸಿ ನನ್ನ ಕಡೆ ತಿರುಗಿದಳು.

“ಏನಮ್ಮಾ ಟೀಚರಮ್ಮಾ, ಮನುಷ್ಯನ್ನ ಮೂಟೆ ಹೊಲ್ದಂಗೆ ಹೊಲ್ದಿದ್ದೀಯಲ್ಲಾ! ಅವರು ಬಟ್ಟೆ ಬಿಚ್ತಾ ಇಲ್ಲಮ್ಮಾ. ಸೋದನೆ ಕೊಡ್ತಾ ಇದ್ದಾರೆ.”

“ಏನು ಸೋದನೆ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅಪ್ಪನಿಗೆ ಪಂಚೆ ಸುತ್ತಿ ಕೂರಿಸಿ, ಬೆರಳಿಗೆ ಅರಿಶಿನ ಒತ್ತುತ್ತಾ ಹೇಳಿದಳು. ಅದು ಚಿನ್ನದ ಗಣಿ. ಒಳಗೆ ಹೋದವನು ಮೇಲೆ ಬಂದಾಗ ಬಟ್ಟೆ ಬಿಚ್ಚಿ ಕೈ ಎತ್ತಿ ನಿಲ್ಲಬೇಕು. ಬಾಯಿ, ಕೂದಲು, ಕಂಕುಳು, ಎಲ್ಲ ನೋಡುತ್ತಾರೆ, ಎಲ್ಲಾದರೂ ಚೂರು ಚಿನ್ನ ಬಚ್ಚಿಟ್ಟಿದ್ದಾನಾ ಎಂದು. ವಾಚ್‌ಮನ್ ‘ಪೋ’, ಹೋಗು, ಅನ್ನುವವರೆಗೂ ಯಾರೂ ಗೇಟು ದಾಟುವಂತಿಲ್ಲ.

“ದಿನಾ ನಿಂತ್ಕೋತಾರೆ, ಯಾರೂ ಪೋ ಅನ್ನಲ್ಲ,” ಎಂದಳು ಮಾರಿಯಮ್ಮ. “ಮನೆಗೆ ಹೆಂಗಮ್ಮಾ ಹೋಗ್ತಾರೆ ಪಾವಂ?”

“ನಿನಗೆ ಇದೆಲ್ಲ ಹೇಗೆ ಗೊತ್ತು?”

“ನನ್ ಗಂಡ ಕುಡಿದಾಗ ಹೇಳೋನು. ಕುಡೀದೆ ಯಾವ ಗಂಡಸು ಹೇಳ್ತಾನೆ? ನಿಮ್ಮಪ್ಪ ಕುಡೀತಿರ್ಲಿಲ್ವಾ?”

“ಇಲ್ಲ.”

“ಅದಕ್ಕೇ ನಿಂಗೆ ಗೊತ್ತಿಲ್ಲ.”

ನಿಜ, ನನಗೆ ಏನೂ ಗೊತ್ತಿರಲಿಲ್ಲ. ಅಪ್ಪ ವಾರವೆಲ್ಲ ಇದೇ ಕೆ.ಜಿ.ಎಫ್‌ನ ಮೈಸೂರು ಮೈನ್ಸ್‌ನ ಲೈನ್ ಮನೆಯಲ್ಲಿ, ಎಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಜೊತೆಗಾರರೊಂದಿಗೆ ಇರುತ್ತಿದ್ದ. ಶನಿವಾರ ಸಂಜೆ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ನಮಗೆಂದು ಕಮ್ಮರಕಟ್ಟು, ಬೆಲ್ಲದ ಮಿಠಾಯಿ, ತುಂಬಿಕೊಂಡು ಊರಿಗೆ ಬರುತ್ತಿದ್ದ. ನಮಗೆ ಗೊತ್ತಿದ್ದದ್ದು ಆ ಭಾನುವಾರದ ಅಪ್ಪ ಒಬ್ಬನೇ. ಇವನು ಯಾರೆಂದು ಕನಕಮ್ಮನಿಗೆ ಹೇಳಲು ನಾನು ವರ್ಷವಿಡೀ ಬಂದಿದ್ದೆ, ಹೇಳಿದ್ದೆಲ್ಲ ಏಳು ದಿನದಲ್ಲಿ ಒಂದು ದಿನದ್ದು.

ಆಗ ಒಂದು ಹಳೆಯ ಏಟು ನೆನಪಾಯಿತು. ನನಗೆ ಏಳು ವರ್ಷ. ಜಗಲಿಯ ಮೇಲೆ ಕೂತಿದ್ದ ಅಪ್ಪನ ಹಿಂದಿನಿಂದ ಹೋಗಿ, ಕಮ್ಮರಕಟ್ಟಿಗೆಂದು ಜೇಬಿಗೆ ಕೈ ಹಾಕಿದೆ. ಅಪ್ಪ ತಿರುಗಿ ಕೆನ್ನೆಗೆ ಬಾರಿಸಿದ. ಜೀವಮಾನದಲ್ಲಿ ಅವನು ನನಗೆ ಹೊಡೆದದ್ದು ಅದೊಂದೇ ಸಲ. ಹೊಡೆದವನು ತಾನೇ ಎದ್ದು ಹೊಲದ ಕಡೆ ಹೋದ. ಬಂದಾಗ ಕಣ್ಣು ಕೆಂಪಗಿತ್ತು. ನಾಲ್ಕು ಕಮ್ಮರಕಟ್ಟನ್ನು ನನ್ನ ಅಂಗೈಯಲ್ಲಿಟ್ಟು, “ಕೇಳು, ಕೊಡ್ತೀನಿ. ನನ್ ಜೇಬಿಗ್ ಮಾತ್ರ ಕೈ ಆಕ್ಬೇಡ ಕಣವ್ವ. ಯಾರೂ ಆಕ್ಬಾರ್ದು,” ಎಂದ. ಆಮೇಲೆ ಅಮ್ಮ ಕೂಡ, ಅವನೇ ಜೇಬು ಖಾಲಿ ಮಾಡಿ ಕೊಡುವವರೆಗೆ ಅಂಗಿಯನ್ನು ಒಗೆಯಲು ತೆಗೆದುಕೊಳ್ಳುತ್ತಿರಲಿಲ್ಲ. ಅಪ್ಪನದು ಶಿಸ್ತು ಎಂದು ನಾವು ಹೆಮ್ಮೆಪಡುತ್ತಿದ್ದೆವು.

ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ. ಕನಕಮ್ಮನ ಕ್ಷಮೆಯನ್ನೂ ಕೇಳಿದೆ. ಅವರು ಮೂಗು ಒರೆಸಿಕೊಳ್ಳಲು ಒಗೆದ ಬಟ್ಟೆ ಕೊಟ್ಟು, “ಈಗ ಏನು ಮಾಡೋಣ?” ಎಂದರು.

ಉಪಾಯ ಹೇಳಿದವಳೂ ಮಾರಿಯಮ್ಮನೇ. ಒಳ್ಳೆಯ ವಾಚ್‌ಮನ್ ಇದ್ದರೆ ವಯಸ್ಸಾದ ಕೆಲಸಗಾರರನ್ನು ಬಟ್ಟೆಯ ಮೇಲ್ಮೇಲೆ ತಡವಿ ಬಿಡುತ್ತಿದ್ದನಂತೆ. ಹಾಗೇ ಯಾರಾದರೂ, ಅಪ್ಪ ಬಟ್ಟೆ ಬಿಚ್ಚುವುದಕ್ಕೆ ಮುಂಚೆಯೇ ಎದುರಿಗೆ ನಿಂತು, ಅಂಗಿಯ ಮೇಲೆ ಕೈಯಾಡಿಸಿ ಹೋಗೆಂದರೆ ಸಾಕು. “ಹೆಂಗಸು ಆಗಲ್ಲ, ಗಾಬರಿ ಬೀಳ್ತಾರೆ. ಗಂಡಸೇ ಬೇಕು. ನಗದೆ ಇರೋ ಗಂಡಸು,” ಎಂದಳು.

ನಗದೆ ಇರುವ ಗಂಡಸು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಗುರುವಾರ ಮನೆಯ ಮಾಲಿ ಕೊಂಡಪ್ಪನನ್ನು ನಿಲ್ಲಿಸಿದರಂತೆ. ಒಳ್ಳೆಯವನೇ, ಆದರೆ ಅಪ್ಪ ಬಾಯಿ ತೆರೆದದ್ದೇ ಅವನಿಗೆ ಕಿಸಕ್ಕೆಂದು ನಗು ಬಂತಂತೆ. ಅಪ್ಪ ಕೈ ಇಳಿಸಿ, ಅಲ್ಲೇ ನೆಲದ ಮೇಲೆ ಕೂತು ಅತ್ತನಂತೆ. ಕನಕಮ್ಮ ಶಾಲೆಯ ಪಕ್ಕದ ಅಂಗಡಿಗೆ ಫೋನು ಮಾಡಿ ಇಷ್ಟು ಹೇಳಿ, “ಮನೆಯವರೇ ಬೇಕು ಕಣಮ್ಮ,” ಎಂದರು.

ಶುಕ್ರವಾರ ಶಾಲೆ ಬಿಟ್ಟವಳೇ ಬೂದಿಕೋಟೆ ಬಸ್ಸು ಹಿಡಿದೆ. ತಮ್ಮ ಹಾಲು ಕರೆಯುತ್ತಿದ್ದ. ಹಸುವಿನ ಆ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವನು ಕೇಳುತ್ತಲೇ ಎದ್ದುಬಿಟ್ಟ.

“ಕಳ್ಳನ್ನ ತಡಕ್ದಂಗೆ ನಮ್ಮಪ್ಪನ್ನ ನಾನ್ ತಡಕ್ಬೇಕಾ? ನಿಂಗೇನ್ ತಲೆ ಕೆಟ್ಟದಾ ಅಕ್ಕ?”

“ಕಳ್ಳ ಅಂತ ಅಲ್ಲ ಕಣ್ಲಾ. ಹೋಗಪ್ಪ ಅಂತ ಬಿಡೋದಕ್ಕೆ.”

“ನನ್ ಕೈಲಾಗಲ್ಲ. ಟೆಂಪೋ ಮಾತಾಡಿವ್ನಿ, ನಾಳೆ ಬತ್ತೀನಿ, ಮನೆಗ್ ಕರ್ಕೊಂಡ್ಬತ್ತೀನಿ.” ಮತ್ತೆ ಕೂತು ಹಾಲು ಕರೆಯತೊಡಗಿದ. ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡೇ ಹೇಳಿದ. “ಅವ್ನು ನನ್ನ ಯಾವತ್ತು ಮನ್ಸ ಅಂದವ್ನೆ? ಎಲ್ರೂ ಅವರವರ ಮಕ್ಳನ್ನ ಗಣಿಗೆ ಸೇರ್ಸಿದ್ರು. ನಾನು ಮೂರು ವರ್ಸ ಕಾಲಿಡ್ದು ಕೇಳ್ದೆ. ‘ನೀನು ದನ ಮೇಯ್ಸು, ಅಲ್ಲಿಗ್ ಬಂದ್ರೆ ಕಾಲ್ ಮುರೀತೀನಿ’ ಅಂದ. ದನ ಮೇಯ್ಸೋಕೇ ಲಾಯಕ್ಕು ಅಂತ.”

ಇದು ಇಪ್ಪತ್ತೈದು ವರ್ಷದ ಮುನಿಸು, ಆಗಾಗ ಕೇಳಿದ್ದೆ. ಜಗಳವಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕೆನ್ನೆಗೆ ಬಿದ್ದ ಆ ಏಟಿನ ಕಥೆಯೊಂದನ್ನು ಹೇಳಿ, ವಾಚ್‌ಮನ್ ಏನೆನ್ನುತ್ತಿದ್ದನೆಂದು ಮತ್ತೊಮ್ಮೆ ಹೇಳಿ, ಕೊನೆಯ ಬಸ್ಸಿಗೆ ಹೊರಟೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮರೆವಿನ ಮನೆಗೆ ಹೋದೆ. ಅಪ್ಪನ ಟ್ರಂಕು ಕಟ್ಟಿದೆ. ಕೈಗೆ ಕಮ್ಮರಕಟ್ಟಿನ ಪೊಟ್ಟಣ ಕೊಟ್ಟರೆ, ಬಿಚ್ಚಿ, ಒಂದೊಂದಾಗಿ ಎಣಿಸಿ ಜೇಬಿಗೆ ಹಾಕಿಕೊಂಡ. ಒಂದೂವರೆಗೆ ಟೆಂಪೋ ಬಂತು. ತಮ್ಮ ಇಳಿದು ವರಾಂಡದ ಮೆಟ್ಟಿಲ ಹತ್ತಿರ ನಿಂತ. ಒಂದು ವರ್ಷದ ಮೇಲೆ ಅಪ್ಪನನ್ನು ನೋಡಿದ್ದು. ನೋಡಿದವನು ನೆಲ ನೋಡಿದ. ಅಪ್ಪ ಅವನಿಗೆ ನಮಸ್ಕಾರ ಮಾಡಿದ, ಊರಿನ ಯಾರೋ ದೊಡ್ಡವರಿಗೆ ಮಾಡುವ ಹಾಗೆ. ತಮ್ಮನ ಮುಖ ಕಪ್ಪಿಟ್ಟಿತು.

“ಎರಡು ಗಂಟೆಗೆ ಮುಂಚೆ ಒರಟೋಗನ,” ಎಂದ ನನಗೆ. ಆದರೆ ಟ್ರಂಕಿನ ಹಗ್ಗ ಬಿಚ್ಚಿಕೊಂಡಿತು, ಮತ್ತೆ ಕಟ್ಟಿದೆವು. ಔಷಧಿಯ ಚೀಟಿ ಸಿಗಲಿಲ್ಲ, ಹುಡುಕಿದೆವು. ನಾನು ಬೇಕೆಂದೇ ನಿಧಾನ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಸಂಗು ಊದಿತು.

ಅಪ್ಪ ಎದ್ದು ತನ್ನ ಜಾಗಕ್ಕೆ ಹೋಗಿ ನಿಂತ. ಹೆಣ್ಣುಮಕ್ಕಳು ಬರುವ ಜಾಗವಲ್ಲ ಅದು; ನಾನು ಒಳಗೆ ಹೋಗಿ ಕಿಟಕಿಯ ಜಾಲರಿಯ ಹಿಂದೆ ನಿಂತೆ. ಅಪ್ಪ ಕುತ್ತಿಗೆಯ ಗುಂಡಿ ಬಿಚ್ಚಿದ. ಎರಡನೆಯದು ಬಿಚ್ಚಿದ. ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು, ಹಾಗಾಗಿ ಮೂರನೆಯದಕ್ಕೆ ತಡವರಿಸಿದ. ತಮ್ಮ ಟೆಂಪೋ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ನಂತರ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ.

“ಗುಂಡಿ ಆಕ್ಕೋ,” ಎಂದ. “ಬಿಚ್ಬೇಡ. ಮೇಲ್ಮೇಲೆ ನೋಡ್ತೀನಿ, ಸಾಕು.”

ಅಪ್ಪ ಅವನ ಮುಖ ನೋಡಿದ. ಗುಂಡಿ ಹಾಕಿಕೊಂಡು ಕೈ ಮೇಲೆತ್ತಿದ. ತಮ್ಮ ಎರಡೂ ಹೆಗಲ ಮೇಲೆ ಕೈಯಿಟ್ಟ. ತೋಳಿನ ಉದ್ದಕ್ಕೂ, ಪಕ್ಕೆಗಳ ಮೇಲೂ ಕೈ ಇಳಿಸಿದ, ಜ್ವರ ಬಂದ ಕರುವಿನ ಮೈ ನೋಡುವಷ್ಟು ಮೆತ್ತಗೆ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ಜೇಬಿನ ಹತ್ತಿರ ಬಂದ ಕೈ ನಿಂತಿತು. ತಮ್ಮ ಜೇಬು ಮುಟ್ಟಲಿಲ್ಲ. ಅಪ್ಪನೇ ಕೈ ಹಾಕಿ ಕಮ್ಮರಕಟ್ಟುಗಳನ್ನು ಹೊರತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ.

“ಮಕ್ಳಿಗೆ ಸಾಮಿ. ಇನ್ನೇನಿಲ್ಲ.”

“ಇಟ್ಕೋ. ಆಯ್ತು, ಓಗು.”

ಅಪ್ಪ ಹೋಗಲಿಲ್ಲ. ಅತ್ತಿತ್ತ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದ. ಗುಟ್ಟೆಂದು ಅವನು ತಿಳಿದದ್ದು ಕಿಟಕಿಯವರೆಗೂ ಕೇಳಿಸಿತು.

“ಸಾಮಿ, ಒಂದ್ಮಾತು. ನನ್ ಮಗ ಒಬ್ಬ ಅವ್ನೆ, ಯೆಂಕಟೇಸ ಅಂತ. ಒಳ್ಳೇವ್ನು, ಅಟಮಾರಿ. ಕೆಲ್ಸ ಕೇಳ್ಕೊಂಡು ಗೇಟ್‌ತಾವ ಬಂದ್ರೂ ಬರ್ಬೋದು. ಒಳಕ್ ಬುಡ್ಬೇಡಿ. ಅವ್ನ ಮೈಮ್ಯಾಲೆ ಯಾರೂ ಕೈ ಆಕ್ಬಾರ್ದು ಸಾಮಿ.”

ತಮ್ಮ “ಬುಡಲ್ಲ,” ಎಂದ.

“ನಂದೂ ಅವ್ನಿಗ್ ಯೇಳ್ಬೇಡಿ. ಮಕ್ಳಿಗ್ ಗೊತ್ತಿಲ್ಲ.”

“ಯೇಳಲ್ಲ. ನೀನು ಮನೆಗ್ ಓಗು.”

ಅಪ್ಪ ಒಳಗೆ ಬಂದ. ಎದುರಿಗೆ ನನ್ನನ್ನು ಕಂಡು, “ಬಂದ್ಯೇನವ್ವ,” ಎಂದು ಒಂದು ಕಮ್ಮರಕಟ್ಟನ್ನು ನನ್ನ ಅಂಗೈಯಲ್ಲಿಟ್ಟ. ತನ್ನ ಮಂಚಕ್ಕೆ ಹೋಗಿ, ವಾರದ ಕೆಲಸವೆಲ್ಲ ಮುಗಿದವನ ಹಾಗೆ ಕಾಲು ಚಾಚಿ ಮಲಗಿದ. ಬಾಗಿಲಲ್ಲಿ ನಿಂತಿದ್ದ ಕನಕಮ್ಮ ಟ್ರಂಕನ್ನು ತಾವೇ ಎಳೆದು ಮಂಚದ ಕೆಳಗೆ ತಳ್ಳಿದರು.

ತಮ್ಮ ವರಾಂಡದ ಕಂಬಕ್ಕೆ ಮುಖ ಒತ್ತಿಕೊಂಡು ನಿಂತಿದ್ದ. ನಾನು ಹತ್ತಿರ ಹೋಗಲಿಲ್ಲ. ಆಮೇಲೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಟೆಂಪೋದವನಿಗೆ ವಾಪಸ್ಸು ಹೋಗೆಂದು ಕೈಸನ್ನೆ ಮಾಡಿದ.

“ಅಕ್ಕ, ನೀನು ಭಾನ್ವಾರ ಮಾತ್ರ ಬಾ,” ಎಂದ ನನ್ನನ್ನು ನೋಡದೆಯೇ. “ಬೇರೆ ದಿನ ಎರಡು ಗಂಟೆಗೆ ಇಲ್ಲಿರ್ಬೇಡ. ಮಕ್ಳಿಗ್ ಗೊತ್ತಾಗ್ಬಾರ್ದು ಅಂದವ್ನಲ್ಲ.”

“ನೀನು?”

“ನಾನ್ ವಾಚ್‌ಮನ್ನು.” ಚಪ್ಪಲಿ ಮೆಟ್ಟಿಕೊಂಡ. “ಸೋಮ್ವಾರದಿಂದ ದಿನಾ ಬೆಳಗ್ಗೆ ಹಾಲು ಆಕ್ಬುಟ್ಟು ಬತ್ತೀನಿ. ಒಂದೂವರೆಗೇ ಇರ್ತೀನಿ.”